ರಾಯಚೂರಿನಿಂದ ಮುಂಬೈಗೆ, ಬೆನ್ನಿಗೊಂದು ಚೀಲ: ಗಂಡ-ಹೆಂಡತಿಯ ಮೊದಲ ನಾಲ್ಕು ದಿನಕ್ಕೆ ಸಮಗ್ರ ಮಾರ್ಗದರ್ಶಿ

"ಅತ್ತಿ, ಮುಂದಿನ ವಾರ ನಾವು ಮುಂಬೈಗೆ ಹೊಂಟೀವಿ" ಅಂದೆ. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. "ಯಾರಿಗೇನಾಗ್ಯಾದವ್ವ?" ಅಂತ ಕೇಳಿದರು.

ಅವರ ಗಾಬರಿಗೆ ಕಾರಣವಿತ್ತು. ರಾಯಚೂರು, ಕೊಪ್ಪಳದ ಕಡೆ ಮುಂಬೈ ಅಂದರೆ ಒಂದೋ ಗುಳೆ, ಇಲ್ಲ ಕ್ಯಾನ್ಸರಿನ ಟಾಟಾ ಆಸ್ಪತ್ರೆ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗಂಟು ಕಟ್ಟಿಕೊಂಡು ಹೋದ ಶಹರ ಅದು. ಆ ಊರನ್ನು ನೋಡುವುದಕ್ಕೆಂದೇ, ಬೆನ್ನಿಗೊಂದು ಚೀಲ ಹಾಕಿಕೊಂಡು, ಗಂಡ-ಹೆಂಡತಿ ಇಬ್ಬರೇ ಹೋಗಬಹುದು ಅನ್ನುವುದು ನಮ್ಮ ಮನೆಗಳಲ್ಲಿ ಇನ್ನೂ ಹೊಸ ಮಾತು. ಜನವರಿಯಲ್ಲಿ ನಾವು ಹೋಗಿ ಬಂದ ಮೇಲೆ ಪರಿಚಯದ ಎಷ್ಟೋ ಜೋಡಿಗಳು ಹೇಗೆ ಹೋದಿರಿ, ಎಲ್ಲಿ ಇದ್ದಿರಿ ಅಂತ ಕೇಳಿದ್ದಾರೆ. ಎಲ್ಲರಿಗೂ ಒಂದೇ ಮಾತು ಹೇಳಿದ್ದೇನೆ: ನೋಡುವ ಜಾಗಗಳ ಪಟ್ಟಿ ಆಮೇಲೆ ಮಾಡಿ. ಆ ಊರಿನ ಜನ ಯಾವ ಹೊತ್ತಿಗೆ ಯಾವ ದಿಕ್ಕಿಗೆ ಹರಿಯುತ್ತಾರೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಅದು ತಿಳಿದರೆ ಮುಂಬೈಯಲ್ಲಿ ಹೆದರುವಂಥದ್ದು ಏನೂ ಉಳಿಯುವುದಿಲ್ಲ.

ಹೊರಡುವ ಮುಂಚೆ

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಅಬ್ಬರ ಹೆಚ್ಚು, ಘಾರಾಪುರಿ (ಎಲಿಫೆಂಟಾ) ದ್ವೀಪಕ್ಕೆ ದೋಣಿ ಬಿಡುತ್ತಾರೆಂಬ ಭರವಸೆಯೂ ಇರುವುದಿಲ್ಲ. ಡಿಸೆಂಬರ್ 6 ಬಾಬಾಸಾಹೇಬ ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ. ದಾದರ್‌ನ ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ದರ್ಶನಕ್ಕೇ ಹೋಗುವವರಾದರೆ ಅದಕ್ಕಿಂತ ದೊಡ್ಡ ದಿನವಿಲ್ಲ. ಊರು ನೋಡಲು ಹೋಗುವವರು ಮಾತ್ರ ಆ ವಾರ ಬಿಟ್ಟು ಬೇರೆ ದಿನ ಹಿಡಿಯಿರಿ, ರೈಲಿನಲ್ಲೂ ಲಾಡ್ಜಿನಲ್ಲೂ ಜಾಗ ಸಿಗುವುದು ಕಷ್ಟ. ವಾರದ ಲೆಕ್ಕವೂ ಇದೆ. ಸೋಮವಾರ ಘಾರಾಪುರಿ ಗುಹೆ ಮುಚ್ಚಿರುತ್ತದೆ, ಭಾನುವಾರ ಹಳಿ ರಿಪೇರಿಗೆಂದು 'ಮೆಗಾ ಬ್ಲಾಕ್' ಮಾಡಿ ಕೆಲವು ಲೋಕಲ್ ರೈಲು ನಿಲ್ಲಿಸುತ್ತಾರೆ, ಮಂಗಳವಾರ ಸಿದ್ಧಿವಿನಾಯಕನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ಮಂಗಳವಾರ ಸಂಜೆ ಇಳಿದು ಶನಿವಾರ ಬೆಳಿಗ್ಗೆ ಹೊರಟೆವು. ಅದೇ ಲೆಕ್ಕ ನಿಮಗೂ ಸರಿಹೋಗುತ್ತದೆ.

ರೈಲಿನ ವಿಷಯದಲ್ಲಿ ರಾಯಚೂರಿನವರು ಪುಣ್ಯವಂತರು. ಮುಂಬೈ-ಚೆನ್ನೈ ಮುಖ್ಯ ಮಾರ್ಗದಲ್ಲೇ ನಮ್ಮ ಸ್ಟೇಷನ್ ಇದೆ. ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ, ಪುಣೆ ಮೇಲೆ ನೇರ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್ನಿಗೆ) ಒಯ್ಯುತ್ತದೆ. ಕೊಪ್ಪಳದವರು ಗದಗ, ವಿಜಯಪುರ ಮೇಲೆ ಹೋಗುವ ಹೊಸಪೇಟೆ-ಮುಂಬೈ ರೈಲು ನೋಡಿಕೊಳ್ಳಿ. ಬಳ್ಳಾರಿಯವರು ಗುಂತಕಲ್‌ಗೆ ಹೋಗಿ ರೈಲು ಬದಲಿಸಬಹುದು. ಮುಂಗಡ ಟಿಕೆಟ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ತೆರೆದ ದಿನವೇ ಹೋಗುವ ಟಿಕೆಟ್ ತೆಗೆಯಿರಿ. ವಾಪಸಿನದಕ್ಕೆ ಅದರ ದಿನ ಬಂದಾಗ ಮರೆಯಬೇಡಿ. ಕೆಲವು ರೈಲು ಸಿಎಸ್‌ಎಂಟಿಗೆ ಹೋಗದೆ ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೇ ಮುಗಿಯುತ್ತವೆ. ಮೊದಲ ಸಲ ಹೋಗುವವರಿಗೆ ದಾದರ್‌ನಲ್ಲಿ ನಿಲ್ಲುವ ರೈಲೇ ವಾಸಿ.

ಚೀಲ ತಲಾ ಒಂದು, 7 ಕಿಲೋ ದಾಟದ ಹಾಗೆ. ಯಾರ ಚೀಲ ಅವರೇ ಹೊರಬೇಕು, ಇದನ್ನು ಮನೆಯಲ್ಲೇ ಮಾತಾಡಿಕೊಳ್ಳಿ. ತುಂಬಿದ ಚೀಲ ಹಾಕಿಕೊಂಡು ಸ್ಟೇಷನ್ ರಸ್ತೆಯಲ್ಲಿ ಅರ್ಧ ತಾಸು ನಡೆದು ನೋಡಿ. ನಾನು ಹಾಗೆ ನಡೆದು ಬಂದವಳೇ ಎರಡು ಸೀರೆ, ಒಂದು ಜೊತೆ ಚಪ್ಪಲಿ ತೆಗೆದಿಟ್ಟೆ. ಬಟ್ಟೆಯ ವಿಷಯದಲ್ಲಿ ನಮ್ಮೂರಿನ ಅಂದಾಜು ಅಲ್ಲಿ ನಡೆಯುವುದಿಲ್ಲ. ರಾಯಚೂರಿನಲ್ಲಿ ಬೇಸಿಗೆ 42 ಡಿಗ್ರಿ ದಾಟಿದರೂ ಒಗೆದದ್ದು ತಾಸೊಪ್ಪತ್ತಿನಲ್ಲಿ ಒಣಗುತ್ತದೆ, ಮೈ ಬೆವರೂ ಆರುತ್ತದೆ. ಮುಂಬೈಯಲ್ಲಿ ಬಿಸಿಲು ಕಡಿಮೆ, ಆದರೆ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ಜೀನ್ಸ್ ಎರಡು ದಿನವಾದರೂ ಒಣಗುವುದಿಲ್ಲ. ತೆಳು ಹತ್ತಿಯ ಮೂರು ಜೊತೆ ಸಾಕು. ಓಆರ್‌ಎಸ್ ಪೊಟ್ಟಣ ನಾಲ್ಕು, ಒಂದು ತೆಳು ಟವೆಲ್, ಚಿಕ್ಕ ಬೀಗ ಎರಡು. ಬೀಗ ಯಾಕೆಂದರೆ, ಬೀಗ ಹಾಕದ ಚೀಲವನ್ನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿದರೆ ಜಾಗ ತಿನ್ನುತ್ತದೆ. ಹತ್ತು ರೊಟ್ಟಿ ಒಂದರ ಮೇಲೊಂದು ಜೋಡಿಸಿ ಹಳೆ ಧೋತರದ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ, ಬೆನ್ನಿಗೆ ತಾಗುವ ಕಡೆ ನಿಲ್ಲಿಸಿಡಿ. ಮುರಿಯುವುದಿಲ್ಲ. ಒದ್ದೆ ಗಾಳಿಗೆ ಮೂರನೇ ದಿನ ಮೆತ್ತಗಾಗುತ್ತವೆ, ಅಷ್ಟರೊಳಗೆ ತಿಂದು ಮುಗಿಸಿ.

ಉಳಿಯುವ ಜಾಗ

ಮೊದಲ ಸಲಕ್ಕೆ ದಾದರ್ ಪೂರ್ವ ಇಲ್ಲವೇ ಮಾಟುಂಗಾ ಅಂತ ನನ್ನ ಅಭಿಪ್ರಾಯ. ಪಶ್ಚಿಮ ಮಾರ್ಗ, ಮಧ್ಯ ಮಾರ್ಗ ಎರಡೂ ದಾದರ್‌ನಲ್ಲಿ ಕೂಡುತ್ತವೆ. ಮಾಟುಂಗಾದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ಉಡುಪಿ ಹೋಟೆಲುಗಳಿವೆ. ಕೊಲಾಬಾದಲ್ಲಿ ಬೆನ್ನುಚೀಲದವರ ಹಾಸ್ಟೆಲುಗಳಿವೆ, ಆದರೆ ಅಲ್ಲಿ ಗಂಡ-ಹೆಂಡತಿಗೆ ಬೇರೆ ಕೋಣೆ ಇದೆಯೋ, ಹತ್ತು ಮಂಚದ ಹಾಲೋ ಅಂತ ಕೇಳಿಯೇ ಹಣ ಕಟ್ಟಬೇಕು. ನಮ್ಮದು ದಾದರ್ ಪೂರ್ವದ ಸಣ್ಣ ಕೋಣೆ, ದಿನಕ್ಕೆ 1,800 ರೂಪಾಯಿ. ಮಂಚದ ಸುತ್ತ ಒಂದು ಮೊಳ ಜಾಗ, ಆದರೆ ನೀರು ಚೆನ್ನಾಗಿತ್ತು, ಹಾಸಿಗೆ ಶುಚಿಯಾಗಿತ್ತು.

ಅದು ಸಿಗುವ ಮೊದಲು ಒಂದು ಪಾಡು ಪಟ್ಟೆವು. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಹಿಡಿದಿದ್ದ ಲಾಡ್ಜಿಗೆ ರಾತ್ರಿ ಎಂಟಕ್ಕೆ ಹೋದರೆ, "ಕೋಣೆ ಇಲ್ಲ" ಅಂದುಬಿಟ್ಟರು. ಹಣ ವಾಪಸು ಬರಲು ಒಂಬತ್ತು ದಿನ ಹಿಡಿಯಿತು. ಆದ್ದರಿಂದ ಹೊರಡುವ ಹಿಂದಿನ ದಿನ ಲಾಡ್ಜಿಗೆ ನೀವೇ ಫೋನ್ ಮಾಡಿ ಮೂರು ಮಾತು ಕೇಳಿ: ನಮ್ಮ ಹೆಸರಿಗೆ ಕೋಣೆ ಇದೆಯೇ, ಎಷ್ಟು ಗಂಟೆಗೆ ಒಳಗೆ ಬಿಡುತ್ತೀರಿ, ಹೋದ ಮೇಲೆ ಕೊಡುವುದೆಷ್ಟು. ಮಾತಾಡಿದವರ ಹೆಸರು ಬರೆದುಕೊಳ್ಳಿ. ಇಬ್ಬರ ಆಧಾರ್ ಕಾರ್ಡೂ ಮೂಲವೇ ಇರಲಿ, ಒಬ್ಬರದಿದ್ದರೆ ಸಾಲದು. ಪಕ್ಕದಲ್ಲೇ ಇರುವ ಇನ್ನೆರಡು ಲಾಡ್ಜುಗಳ ನಂಬರೂ ಚೀಟಿಯಲ್ಲಿರಲಿ. ನಮ್ಮನ್ನು ಆ ರಾತ್ರಿ ಕಾಪಾಡಿದ್ದು ಆ ಚೀಟಿಯೇ.

ಇಳಿದ ಸಂಜೆ

ಈ ಸಂಜೆ ಏನೂ ನೋಡಬೇಡಿ. ಸ್ಟೇಷನ್ ಹೊರಗೆ "ಹೋಟೆಲ್ ಬೇಕಾ, ಟ್ಯಾಕ್ಸಿ ಬೇಕಾ" ಅಂತ ಕೈ ಹಿಡಿಯುವವರನ್ನು ದಾಟಿ ರಸ್ತೆಗೆ ಬಂದು, ಕಪ್ಪು-ಹಳದಿ ಟ್ಯಾಕ್ಸಿ ಹತ್ತಿ, "ಮೀಟರ್ ಸೇ" ಅನ್ನಿ. 2025ರ ಫೆಬ್ರವರಿಯಿಂದ ಕನಿಷ್ಠ ದರ 31 ರೂಪಾಯಿ. ಮುಂಬೈಯ ದಕ್ಷಿಣ ಭಾಗಕ್ಕೆ ಆಟೊ ಬರುವುದಿಲ್ಲ. ಬಾಂದ್ರಾ, ಸಯನ್‌ನಿಂದ ಉತ್ತರಕ್ಕಷ್ಟೇ ಅವು ಓಡುತ್ತವೆ. ಹಾಗಾಗಿ ದಾದರ್‌ನಲ್ಲಿ ಆಟೊ ಹುಡುಕುತ್ತ ನಿಲ್ಲಬೇಡಿ.

ಭಾಷೆಗೆ ಅಂಜುವ ಅಗತ್ಯ ನಮ್ಮ ಕಡೆಯವರಿಗಿಲ್ಲ. ರಾಯಚೂರಿನ ತೀನ್ ಕಂದೀಲ್‌ನಲ್ಲಿ ದಿನಾ ಕೇಳುವ ದಖನಿ ಹಿಂದಿ ಅಲ್ಲಿ ಸಾಕು. ನಾವು 'ನಕ್ಕೊ' ಅಂತೀವಲ್ಲ, ಅದು ಮರಾಠಿಯ 'ನಕೋ'. ಭಾಕರಿ ಅಂದರೆ ನಮ್ಮ ರೊಟ್ಟಿಯೇ. 'ಬೆಸ್ಟ್' ಅನ್ನುವ ಅಲ್ಲಿನ ಸಿಟಿ ಬಸ್ಸಿನ ಮುಂದೆ ನಂಬರು ಮರಾಠಿ ಅಂಕಿಯಲ್ಲಿ ಇರುತ್ತದೆ. ಕನ್ನಡ ಅಂಕಿ ಬಲ್ಲವರಿಗೆ ಎರಡು, ಮೂರು ಕೂಡಲೇ ಗುರುತು ಸಿಗುತ್ತವೆ. ಉಳಿದವನ್ನು ರೈಲಿನಲ್ಲಿ ಕೂತು ಕಲಿತುಬಿಡಿ.

ಮೊದಲ ದಿನ: ಲೋಕಲ್ ಕಲಿಯುವ ದಿನ

1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ರೈಲಿನಿಂದ ಶುರುವಾದ ಹಳಿ ಇದು. ಇವತ್ತಿಗೂ ಮುಂಬೈಯ ಜೀವನಾಡಿ ಅದೇ. ಊರು ಉದ್ದಕ್ಕೆ ಚಾಚಿದೆ: ದಕ್ಷಿಣದ ತುದಿಯಲ್ಲಿ ಕಚೇರಿಗಳು, ಉತ್ತರದಲ್ಲಿ ಮನೆಗಳು. ಆದ್ದರಿಂದ ಬೆಳಿಗ್ಗೆ 8ರಿಂದ 11ರವರೆಗೆ ಚರ್ಚ್‌ಗೇಟ್, ಸಿಎಸ್‌ಎಂಟಿ ಕಡೆ ಹೋಗುವ ರೈಲು ತುಂಬಿ ತುಳುಕುತ್ತವೆ. ಸಂಜೆ 5ರಿಂದ 9ರವರೆಗೆ ಅಲ್ಲಿಂದ ಬರುವವು. ಅದೇ ಹೊತ್ತಿಗೆ ಎದುರು ದಿಕ್ಕಿನ ರೈಲಿನಲ್ಲಿ ಕಾಲು ಚಾಚಿ ಕೂರಬಹುದು. ಸಂಜೆ ದಾದರ್‌ನಿಂದ ಚರ್ಚ್‌ಗೇಟಿಗೆ ಹೋಗಿ, ರಾತ್ರಿ ಒಂಬತ್ತರ ಮೇಲೆ ವಾಪಸಾದರೆ ಇಬ್ಬರಿಗೂ ಸೀಟು. ಇಡೀ ಪ್ರವಾಸವನ್ನು ಈ ಒಂದು ಸೂತ್ರದ ಮೇಲೆ ಕಟ್ಟಿ.

ಮಾರ್ಗ ಮುಖ್ಯವಾಗಿ ಮೂರು. ಪಶ್ಚಿಮ ಮಾರ್ಗ ಚರ್ಚ್‌ಗೇಟಿನಿಂದ ವಿರಾರ್ ಕಡೆಗೆ, ಮಧ್ಯ ಮಾರ್ಗ ಸಿಎಸ್‌ಎಂಟಿಯಿಂದ ಠಾಣೆ, ಕಲ್ಯಾಣ ಕಡೆಗೆ, ಹಾರ್ಬರ್ ಮಾರ್ಗ ಸಿಎಸ್‌ಎಂಟಿಯಿಂದ ಪನ್ವೇಲ್ ಕಡೆಗೆ. ಪ್ಲಾಟ್‌ಫಾರ್ಮಿನ ಮೇಲೆ ತೂಗುವ ಇಂಡಿಕೇಟರಿನಲ್ಲಿ ಕೊನೆಯ ಸ್ಟೇಷನ್ನಿನ ಹೆಸರು, ಹೊತ್ತು, ಎಷ್ಟು ಡಬ್ಬಿ, ಸ್ಲೋ ಅಥವಾ ಫಾಸ್ಟ್ ಅಂತ ಬರುತ್ತದೆ. ಫಾಸ್ಟ್ ಎಲ್ಲ ಕಡೆ ನಿಲ್ಲುವುದಿಲ್ಲ. ಮೊದಲ ದಿನ ಸ್ಲೋ ರೈಲಿನಲ್ಲೇ ಓಡಾಡಿ. ಟಿಕೆಟ್ಟನ್ನು ರೈಲ್‌ಒನ್ ಆ್ಯಪಿನಲ್ಲಿ ಸ್ಟೇಷನ್ ಒಳಗೆ ಹೋಗುವ ಮುಂಚೆ ತೆಗೆಯಿರಿ, ಇಲ್ಲವೇ ಕೌಂಟರಿನಲ್ಲಿ 1, 3, 5 ದಿನಗಳ ಟೂರಿಸ್ಟ್ ಟಿಕೆಟ್ ಕೇಳಿ. ಎರಡನೇ ದರ್ಜೆಯ ಟಿಕೆಟ್ ಹಿಡಿದು ಗಡಿಬಿಡಿಯಲ್ಲಿ ಮೊದಲ ದರ್ಜೆಗೆ ಹತ್ತಿದರೆ ಕನಿಷ್ಠ 250 ರೂಪಾಯಿ ದಂಡ, ಮೇಲೆ ದರದ ವ್ಯತ್ಯಾಸ. ಎಸಿ ಲೋಕಲ್‌ಗೂ ಬೇರೆ ಟಿಕೆಟ್.

ಹತ್ತುವಾಗ ಚೀಲ ಎದೆಗೆ ಬರಲಿ. ಹೆಂಗಸರು ವೇಲಿನ ಎರಡು ತುದಿ ಕೂಡಿಸಿ ಸೊಂಟಕ್ಕೆ ಗಂಟು ಹಾಕಿಕೊಳ್ಳಿ. ಇಳಿಯುವವರು ಪೂರ್ತಿ ಇಳಿದ ಮೇಲೆ ಹತ್ತಿ. ಒಳಗೆ ಹೋದೊಡನೆ ಮುಂದೆ ನಿಂತವರನ್ನು "ಉತರಣಾರ್ ಕಾ?" ಅಂತ ಕೇಳಿ, ಇಳಿಯುತ್ತೀರಾ ಅಂತ ಅರ್ಥ. ಇಡೀ ಡಬ್ಬಿ ಈ ಒಂದು ಪ್ರಶ್ನೆಯ ಮೇಲೆ ನಡೆಯುತ್ತದೆ. ಹೌದು ಅಂದವರ ಬೆನ್ನಿಗೆ ನಿಲ್ಲಿ, ಇಲ್ಲ ಅಂದರೆ ಅವರು ತಾವೇ ಸರಿದು ದಾರಿ ಬಿಡುತ್ತಾರೆ. ಇಳಿಯುವ ಸ್ಟೇಷನ್ನಿಗಿಂತ ಒಂದು ಸ್ಟೇಷನ್ ಮೊದಲೇ ಬಾಗಿಲ ಹತ್ತಿರ ಬಂದಿರಬೇಕು.

ಇದು ನಮಗೆ ಗೊತ್ತಿರಲಿಲ್ಲ. ಸಂಜೆ ಆರೂವರೆಗೆ ಸಿಎಸ್‌ಎಂಟಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದೆವು. ನಾನು ಹೆಂಗಸರ ಡಬ್ಬಿ, ನಮ್ಮನೆಯವರು ಜನರಲ್. ಬೈಕುಳಾ ದಾಟುತ್ತಲೇ ಪಕ್ಕದ ಹೆಂಗಸೊಬ್ಬರು ನನ್ನ ಭುಜ ಹಿಡಿದು ಬಾಗಿಲಿಗೆ ನಿಲ್ಲಿಸಿದರು. ದಾದರ್ ಬಂದಾಗ ಇಳಿದೆ ಅನ್ನುವುದಕ್ಕಿಂತ, ಹಿಂದಿನವರ ಜೊತೆ ನಾನೂ ಹೊರಬಿದ್ದೆ. ನಮ್ಮನೆಯವರು ಇಳಿಯಲೇ ಇಲ್ಲ. ರೈಲು ಹೋಗಿಬಿಟ್ಟಿತು. ಅವರ ಫೋನ್ ನನ್ನ ಚೀಲದಲ್ಲಿತ್ತು. ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ಪ್ರತಿ ರೈಲಿನ ಬಾಗಿಲು ನೋಡುತ್ತ ನಿಂತೆ. ನಲವತ್ತು ನಿಮಿಷ. ಕೊನೆಗೆ ಸೇತುವೆಯ ಮೆಟ್ಟಿಲಿಳಿದು ಓಡಿ ಬಂದರು, ಅಂಗಿಯ ಎರಡು ಗುಂಡಿ ಇರಲಿಲ್ಲ. "ಬಾಗಲಕ್ಕ ಬರಾಕ ಬಿಡಲಿಲ್ಲ, ಕುರ್ಲಾಕ್ಕ ಹೋಗಿ ತಿರುಗಿ ಬಂದೆ. ನೀ ಎಲ್ಲಿ ಹುಡಿಕ್ಕೋತ ಹೋಗ್ತೀಯೋ ಅಂತ ಜೀವ ಹೋಗಿತ್ತು" ಅಂದರು. "ರೀ, ನಾ ಎಲ್ಲೂ ಕದಲಿಲ್ಲರೀ" ಅಂದಾಗ ನನಗೆ ಅಳು ಬಂತು.

ಅವತ್ತು ರಾತ್ರಿಯೇ ನಿಯಮ ಮಾಡಿಕೊಂಡೆವು, ನೀವೂ ಊರಲ್ಲೇ ಮಾಡಿಕೊಳ್ಳಿ. ಹೋಗಬೇಕಾದ ಸ್ಟೇಷನ್ನೇ ಕೂಡುವ ಜಾಗ. ಒಬ್ಬರು ಹತ್ತಿ ಇನ್ನೊಬ್ಬರು ಕೆಳಗುಳಿದರೆ, ಹತ್ತಿದವರು ಅಲ್ಲಿಗೇ ಹೋಗಿ ಕಾಯಬೇಕು, ಉಳಿದವರು ಮುಂದಿನ ರೈಲಿಗೆ ಬರಬೇಕು. ಇಳಿಯಲಾಗದೆ ಮುಂದೆ ಹೋದವರು ತಿರುಗಿ ಅಲ್ಲಿಗೇ ಬರಬೇಕು. ಅಲ್ಲಿ ಇಳಿದವರು ಮೊದಲ ಇಂಡಿಕೇಟರಿನ ಕೆಳಗಿಂದ ಕದಲಬಾರದು. ಫೋನ್, ಸ್ವಲ್ಪ ಹಣ, ಲಾಡ್ಜಿನ ವಿಳಾಸದ ಚೀಟಿ ಇಬ್ಬರ ಹತ್ತಿರವೂ ಬೇರೆ ಬೇರೆ ಇರಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ರೈಲ್ವೆಯ ಸಹಾಯವಾಣಿ 139, ಪೊಲೀಸರಿಗೆ 112.

ಭೂಮಿಯ ಕೆಳಗೆ ಓಡುವ ಮೆಟ್ರೊ 3 ಈಗ ಕಫ್ ಪರೇಡ್‌ನಿಂದ ಆರೆ ಸ್ಟೇಷನ್ನಿನವರೆಗೆ ಪೂರ್ತಿ ತೆರೆದಿದೆ. ಸಿದ್ಧಿವಿನಾಯಕ, ದಾದರ್, ಚರ್ಚ್‌ಗೇಟ್, ಸಿಎಸ್‌ಎಂಟಿ ಎಲ್ಲ ಅದರಲ್ಲಿ ಬರುತ್ತವೆ. ವಯಸ್ಸಾದವರಿದ್ದರೆ, ನೂಕುನುಗ್ಗಲಿನ ಹೊತ್ತಾದರೆ ಅದನ್ನೇ ಹಿಡಿಯಿರಿ.

ಈ ದಿನದ ಬೆಳಿಗ್ಗೆಯನ್ನು ಮಾಟುಂಗಾದಲ್ಲಿ ಕಳೆಯಿರಿ. ಮಧ್ಯ ಮಾರ್ಗದ ಮಾಟುಂಗಾ ಸ್ಟೇಷನ್ನನ್ನು 2017ರಿಂದ ಬರೀ ಹೆಂಗಸರೇ ನಡೆಸುತ್ತಿದ್ದಾರೆ. ಟಿಕೆಟ್ ಕೊಡುವ ಕಿಟಕಿಯಲ್ಲಿ, ಘೋಷಣೆಯ ಮೈಕಿನಲ್ಲಿ ಅವರನ್ನು ಕಂಡು ನನಗೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿತು. ಹೊರಗೆ ಹೂವಿನ ಅಂಗಡಿಗಳು, ಫಿಲ್ಟರ್ ಕಾಫಿಯ ವಾಸನೆ. ಭಾವು ದಾಜಿ ರಸ್ತೆಯಲ್ಲಿ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ. ಮಧ್ಯಾಹ್ನಕ್ಕೆ ಸ್ಟೇಷನ್ ಪಕ್ಕದ ರಾಮಾ ನಾಯಕರ ಉಡುಪಿ ಊಟ, 1942ರಿಂದ ಬಾಳೆಎಲೆಯ ಮೇಲೆ ಬಡಿಸುತ್ತಿದ್ದಾರೆ. ಸಂಜೆ ನಾಲ್ಕೂವರೆಗೆ ಎದುರು ದಿಕ್ಕಿನ ಸೂತ್ರ ಹಿಡಿದು ಚರ್ಚ್‌ಗೇಟ್, ಅಲ್ಲಿಂದ ಐದು ನಿಮಿಷದ ನಡಿಗೆಗೆ ಮರೀನ್ ಡ್ರೈವ್. 3.6 ಕಿಲೋಮೀಟರ್ ಉದ್ದದ ಕಟ್ಟೆ. ತುಂಗಭದ್ರೆ, ಕೃಷ್ಣೆಯ ದಂಡೆಯಲ್ಲಿ ಬೆಳೆದವರಿಗೆ ನೀರು ಅಂದರೆ ಒಂದೇ ಕಡೆ ಹರಿಯುವುದು. ಇಲ್ಲಿ ಅದು ಬಂದು, ಹೋಗಿ, ಮತ್ತೆ ಬರುತ್ತದೆ. ಕಟ್ಟೆಯ ಮೇಲೆ ಕೂತು ನೋಡಿ, ಕಾಂಕ್ರೀಟಿನ ಮುಳ್ಳುಗಲ್ಲುಗಳ ಮೇಲೆ ಇಳಿಯಬೇಡಿ. ಪಾಚಿ ಜಾರುತ್ತದೆ.

ಎರಡನೇ ದಿನ: ಘಾರಾಪುರಿ

ಏಳರೊಳಗೆ ರೈಲು ಹತ್ತಿ. ಸಿಎಸ್‌ಎಂಟಿಯಲ್ಲಿ ಇಳಿದ ಮೇಲೆ ರಸ್ತೆಯಾಚೆ ನಿಂತು ತಿರುಗಿ ನೋಡಲೇಬೇಕು. ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ ಈ ಕಟ್ಟಡ 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅಲ್ಲಿಂದ ಫ್ಲೋರಾ ಫೌಂಟನ್ ಮೇಲೆ ಅರ್ಧ ತಾಸು ನಡೆದರೆ ಗೇಟ್‌ವೇ ಆಫ್ ಇಂಡಿಯಾ. ಐದನೇ ಜಾರ್ಜ್ ಬಂದ ನೆನಪಿಗೆ ಕಟ್ಟಿ 1924ರಲ್ಲಿ ತೆರೆದ ಕಮಾನು. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೇನಾ ತುಕಡಿ ಇದೇ ಕಮಾನಿನಡಿ ಹಾದು ಹಡಗು ಹತ್ತಿತು.

ಘಾರಾಪುರಿಗೆ ದೋಣಿ ಇಲ್ಲಿಂದಲೇ, ಬೆಳಿಗ್ಗೆ 9ರ ಸುಮಾರಿಗೆ ಶುರು, ಒಂದು ತಾಸಿನ ದಾರಿ. ಮೊದಲನೆಯದರಲ್ಲೇ ಹೋಗಿ. ಲೈಫ್ ಜಾಕೆಟ್ ಹಾಕಿಕೊಂಡು ಪಟ್ಟಿ ಬಿಗಿಯಿರಿ, ಮಡಿಲಲ್ಲಿ ಇಟ್ಟುಕೊಂಡು ಕೂರಬೇಡಿ. 2024ರ ಡಿಸೆಂಬರ್‌ನಲ್ಲಿ ಇದೇ ನೀರಿನಲ್ಲಿ ದೋಣಿಗೆ ಸ್ಪೀಡ್‌ಬೋಟ್ ಬಡಿದು ಹತ್ತಕ್ಕೂ ಹೆಚ್ಚು ಜೀವ ಹೋದವು. ದ್ವೀಪದಲ್ಲಿ ನೂರಿಪ್ಪತ್ತರಷ್ಟು ಮೆಟ್ಟಿಲು, ಮಂಗಗಳ ಕಾಟ. ಕೈಯಲ್ಲಿ ತಿನಿಸಿನ ಪೊಟ್ಟಣ ಬೇಡ. ಗುಹೆಗೆ ಟಿಕೆಟ್ ತಲಾ 40 ರೂಪಾಯಿ.

ನಮ್ಮ ಕಡೆಯವರು ಈ ಗುಹೆಗೆ ಅವಸರದಲ್ಲಿ ಹೋಗಬಾರದು. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಮುತ್ತಿ ಗೆದ್ದ ಪಶ್ಚಿಮ ಸಮುದ್ರದ 'ಪುರಿ' ಎಂಬ ಪಟ್ಟಣದ ಮಾತಿದೆ. ಆ ಪುರಿ ಈ ಘಾರಾಪುರಿಯೇ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಗುಹೆ ಅದಕ್ಕೂ ಹಿಂದಿನದು, ಆರನೇ ಶತಮಾನದ್ದು. ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣುವುದಿಲ್ಲ. ಐದು ನಿಮಿಷ ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಎದುರು ಗೋಡೆಯಿಂದ ಮೂರು ಮುಖದ ಸದಾಶಿವ ಮೆಲ್ಲಗೆ ಹೊರಗೆ ಬರುತ್ತಾನೆ, ಇಪ್ಪತ್ತಡಿಯ ಹತ್ತಿರ. ನಮ್ಮ ಎಡಕ್ಕಿರುವ ಮುಖ ಉಗ್ರ, ಬಲಕ್ಕಿರುವುದು ಹೆಣ್ಣಿನ ಹಾಗೆ ಮೆದು, ಕೈಯಲ್ಲಿ ತಾವರೆ. ನಡುವಿನದು ಕಣ್ಣು ಮುಚ್ಚಿದ ಶಾಂತಿ. ಪಕ್ಕದಲ್ಲೇ ಅರ್ಧನಾರೀಶ್ವರ. ಆಚೆ ಕಲ್ಯಾಣಸುಂದರ, ಶಿವ-ಪಾರ್ವತಿಯರ ಮದುವೆ. ಶಿವನ ತೋಳು ಮುರಿದಿದೆ, ಕಾಲು ಮುರಿದಿದೆ, ಆದರೂ ಪಾರ್ವತಿ ತುಸು ಬಾಗಿಸಿದ ತಲೆಯಲ್ಲಿ ಆ ನಾಚಿಕೆ ಹಾಗೇ ಉಳಿದಿದೆ. ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ಅದರ ಮುಂದೆ ಇಬ್ಬರೂ ಮಾತಿಲ್ಲದೆ ನಿಂತಿದ್ದೆವು.

ಎರಡು ಗಂಟೆಗೆ ವಾಪಸು ಬಂದರೆ ಗೇಟ್‌ವೇ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗಿ. ಮುಖ್ಯವಾಗಿ ಒಂದು ಕಲ್ಲು ಹುಡುಕಿ: ನಾಲಾಸೋಪಾರಾದಲ್ಲಿ ಸಿಕ್ಕ ಅಶೋಕನ ಶಾಸನದ ತುಂಡು. ಅಶೋಕನ ಹೆಸರು ಹೇಳುವ ಮಸ್ಕಿ ಶಾಸನ ನಮ್ಮ ಜಿಲ್ಲೆಯದು, ಕೊಪ್ಪಳದಲ್ಲಿ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಕಡೆ ನಿಟ್ಟೂರು, ಉದೇಗೋಳ. ಅದೇ ಅರಸನ ಮಾತು ಕಡಲ ದಂಡೆಯ ಕಲ್ಲಿನಲ್ಲೂ ಇತ್ತು ಅನ್ನುವುದನ್ನು ಕಣ್ಣಾರೆ ನೋಡಬಹುದು. ಹೆಂಗಸರಿಗೆ ಒಂದು ಮಾತು: ಸಂಗ್ರಹಾಲಯದ ಶೌಚಾಲಯ ಶುಚಿಯಾಗಿದೆ. ಶೌಚಾಲಯದ ಅಂಜಿಕೆಗೆ ನೀರು ಕುಡಿಯುವುದನ್ನು ಬಿಡಬೇಡಿ. ಉಡುಪಿ ಹೋಟೆಲು, ಸ್ಟೇಷನ್ನಿನ ವೇಟಿಂಗ್ ರೂಮು ಎಲ್ಲೆಲ್ಲಿವೆ ಅಂತ ಬೆಳಿಗ್ಗೆಯೇ ಗುರುತು ಮಾಡಿಕೊಳ್ಳಿ.

ಮೂರನೇ ದಿನ

ಬೆಳಿಗ್ಗೆ ಮಹಾಲಕ್ಷ್ಮಿ ಸ್ಟೇಷನ್. ಸೇತುವೆ ಮೇಲಿಂದ ಧೋಬಿ ಘಾಟ್ ಕಾಣುತ್ತದೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಹಾಜಿ ಅಲಿ. ಸಮುದ್ರದ ನಡುವಿನ ದರ್ಗಾಕ್ಕೆ ಹೋಗುವ ಕಾಲುದಾರಿ ಉಬ್ಬರ ದೊಡ್ಡದಾದಾಗ ಮುಳುಗುತ್ತದೆ. ಉಬ್ಬರ-ಇಳಿತ ದಿನಕ್ಕೆ ಎರಡೆರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಫೋನಿನಲ್ಲಿ ಅವತ್ತಿನ ವೇಳೆ ನೋಡಿಕೊಂಡು ಇಳಿತದ ಹೊತ್ತಿಗೆ ಹೋಗಿ. ಕಲಬುರಗಿಯ ಬಂದಾನವಾಜರ ಉರುಸಿಗೆ ಜಾತಿ-ಮತ ನೋಡದೆ ಹೋಗುವ ನಮ್ಮ ಸೀಮೆಯವರಿಗೆ ಅಲ್ಲಿ ಹೊಸತೆನಿಸುವುದು ನೀರಷ್ಟೇ. ಹತ್ತಿರದಲ್ಲೇ ಮಹಾಲಕ್ಷ್ಮಿ ಗುಡಿ.

ಮಧ್ಯಾಹ್ನದ ಮೇಲೆ ಖಾಲಿ ಬಿಡಿ. ಮೂರನೇ ದಿನಕ್ಕೆ ಕಾಲು ಬಾತಿರುತ್ತವೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ನಾವು ಇಲ್ಲಿಯೂ ಒಂದು ಕರಾರು ಮಾಡಿಕೊಂಡಿದ್ದೆವು: ಒಂದು ದಿನ ಒಬ್ಬರು ಹೇಳಿದಂತೆ, ಇನ್ನೊಂದು ದಿನ ಇನ್ನೊಬ್ಬರು ಹೇಳಿದಂತೆ. ಅವತ್ತು ನನ್ನ ಪಾಳಿ. ಮಲಗಿದೆವು, ಎದ್ದು ಝುಣಕ-ಭಾಕರಿ ತಿಂದೆವು. ನಮ್ಮ ರೊಟ್ಟಿಗಿಂತ ದಪ್ಪ, ಖಾರ ಕಡಿಮೆ, ಜೋಳದ ರುಚಿ ಅದೇ. ಇನ್ನೊಂದು ದಿನ ಉಳಿಯುವವರಿದ್ದರೆ ಬೊರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋಗಿ. ಬೆಳಿಗ್ಗೆ ಉತ್ತರಕ್ಕೆ ಹೋಗುವ ರೈಲು, ಸೀಟು ಸಿಗುತ್ತದೆ.

ಖರ್ಚು, ವಾಪಸು

ಊರಿನಿಂದ ಹೋಗಿಬರುವ ರೈಲು ಟಿಕೆಟ್ ಬಿಟ್ಟು ಇಬ್ಬರಿಗೆ ಆದದ್ದು ಸುಮಾರು 12,500 ರೂಪಾಯಿ. ನಾಲ್ಕು ರಾತ್ರಿಯ ಕೋಣೆಗೇ 7,200, ಊಟ-ತಿಂಡಿಗೆ 3,000ದ ಹತ್ತಿರ, ಉಳಿದದ್ದು ಲೋಕಲ್, ಟ್ಯಾಕ್ಸಿ, ದೋಣಿ, ಟಿಕೆಟ್ಟು. ಚಿಲ್ಲರೆ ಹತ್ತು, ಇಪ್ಪತ್ತರ ನೋಟು ಇರಲಿ, ಹಣವನ್ನು ಎರಡು ಕಡೆ ಹಂಚಿಡಿ.

ಹೊರಡುವ ಬೆಳಿಗ್ಗೆ ರೈಲಿನ ಹೊತ್ತಿಗಿಂತ ಒಂದು ತಾಸು ಮೊದಲೇ ಸ್ಟೇಷನ್ನಿಗೆ ಬನ್ನಿ, ಬೆನ್ನುಚೀಲದೊಡನೆ ಲೋಕಲ್ ಬೇಡ, ಟ್ಯಾಕ್ಸಿಯೇ ಸರಿ. ದಾರಿಗೆ ವಡಾ-ಪಾವ್ ಕಟ್ಟಿಸಿಕೊಳ್ಳಿ, ಒಣ ಬೆಳ್ಳುಳ್ಳಿ ಚಟ್ನಿ ಬೇರೆ ಪೊಟ್ಟಣದಲ್ಲಿ ಕೇಳಿ. ರಾಯಚೂರಿನಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ಯಾದಗಿರಿ ದಾಟಿದ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿರಿ. ಚಕ್ರದ ಸದ್ದು ಬದಲಾಗಿ ಕೃಷ್ಣೆಯ ಸೇತುವೆ ಬಂತೆಂದರೆ ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ಬನ್ನಿ.